ಹಿಡಿ ಅಕ್ಕಿ ಮತ್ತು ಪಂಕ್ತಿಭೇದ

ಕಳೆದ ಭಾನುವಾರ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಸುಗ್ಗಿ ಹಬ್ಬವಿತ್ತು. ಅಲ್ಲಿಂದ ಬಂದ ಮೇಲೆ ಮೂರು ದಿನ ಏನನ್ನೂ ಬರೆಯಬಾರದೆಂದು ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡಿದ್ದೆ. ಸಿಟ್ಟಿನಲ್ಲಿ ಬರೆದದ್ದನ್ನು ನಾನು ಆಮೇಲೆ ಅಳಿಸುತ್ತೇನೆಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ. ಇಂದು ನಾಲ್ಕನೆಯ ದಿನ. ಸಿಟ್ಟು ಇಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ದಾವಣಗೆರೆಯ ಸುಗ್ಗಿ ಹಬ್ಬವನ್ನು ನೋಡದವರಿಗಾಗಿ ಎರಡು ಮಾತು. ಮೆಕ್ಕೆಜೋಳದ ತೆನೆ, ಚನ್ನಗಿರಿ ಕಡೆಯವರು ತಂದ ಅಡಿಕೆ ಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಎಲ್ಲವೂ ದೇವರ ಮುಂದೆ ಕಾಣಿಕೆಯಾಗಿ ಬಂದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜಾಗುತ್ತವೆ. ಐವತ್ತು ರೂಪಾಯಿಯ ಕುಂಬಳಕಾಯಿಯನ್ನು ಎರಡು ಸಾವಿರಕ್ಕೆ ಕೂಗುವವರು ಕೂಗುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಈ ಸಲ ನಮ್ಮೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಿಜೋರಾಂನ ನಾಲ್ವರು ಹುಡುಗಿಯರು ಬಟ್ಟೆಯ ಒಂದು ಸಣ್ಣ ಚೀಲ ತಂದಿದ್ದರು. ಅದರಲ್ಲಿ ಎರಡು ಸೇರಿನಷ್ಟು ಅಕ್ಕಿ ಇದ್ದಿರಬಹುದು. ಹರಾಜು ಕೂಗುತ್ತಿದ್ದವರು ಅದನ್ನು ಕೈಯಲ್ಲೇ ತೂಗಿ ನೋಡಿ, "ಇದನ್ನು ಯಾರು ಕೂಗುತ್ತಾರೆ, ಅಡುಗೆಯವರಿಗೆ ಕೊಡಿ" ಎಂದು ನಕ್ಕರು. ನೆರೆದವರೂ ನಕ್ಕರು. ಚೀಲ ಅಡುಗೆಮನೆಗೆ ಹೋಗಿ ಎರಡನೆಯ ಹಂಡೆಯ ಅನ್ನಕ್ಕೆ ಸೇರಿತು.

ಆ ಅಕ್ಕಿ ಏನೆಂದು ನಕ್ಕವರಿಗೆ ತಿಳಿದಿರಲಿಲ್ಲ. ಮಿಜೋ ಕ್ರೈಸ್ತರ ಮನೆಗಳಲ್ಲಿ 'ಬುಹ್‌ಫೈ ಥಮ್' ಎಂಬ ಪದ್ಧತಿಯಿದೆ. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯ ಹೆಂಗಸು ಒಂದು ಹಿಡಿಯನ್ನು ದೇವರ ಪಾಲೆಂದು ಬೇರೆ ತೆಗೆದಿಡುತ್ತಾಳೆ. ಕೂಡಿದ್ದನ್ನು ಸಭೆಗೆ ಒಪ್ಪಿಸುತ್ತಾಳೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿಯ ಸಭೆಗಳ ಸೇವೆಗೆ ಈ ಹಿಡಿ ಅಕ್ಕಿ ಆಧಾರವಾಗಿದೆ. ಬಾಡಿಗೆ ಕೋಣೆಯಲ್ಲಿ ಒಂದೇ ಕುಕ್ಕರ್ ಇಟ್ಟುಕೊಂಡು ಬದುಕುವ ಆ ಹುಡುಗಿಯರು ಎಷ್ಟು ಹೊತ್ತಿನ ಊಟದಿಂದ ಹಿಡಿ ಹಿಡಿಯಾಗಿ ತೆಗೆದು ಆ ಚೀಲ ತುಂಬಿಸಿರಬೇಕು, ಲೆಕ್ಕ ಹಾಕಿ.

ಇಷ್ಟಾಗಿದ್ದರೆ ಅಜ್ಞಾನವೆಂದು ಬಿಟ್ಟುಬಿಡುತ್ತಿದ್ದೆ. ಊಟಕ್ಕೆ ಕುಳಿತಾಗ ಆದದ್ದು ಅಜ್ಞಾನವಲ್ಲ. ಸಭಾಭವನದ ಒಳಗೆ ಸಾಲಾಗಿ ಮೇಜು ಹಾಕಿದ್ದರು. ಆ ನಾಲ್ವರನ್ನೂ, ಕಟ್ಟಡದ ಕೆಲಸಕ್ಕೆಂದು ಜಾರ್ಖಂಡ್‌ನಿಂದ ಬಂದಿರುವ ಎರಡು ಸಂಸಾರಗಳನ್ನೂ ಹೊರಗಿನ ಜಗುಲಿಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ, ಬೇರೆ ಮೇಜಿಗೆ ಕೂರಿಸಿದರು. ಯಾರೂ ಗದರಲಿಲ್ಲ, ಯಾರೂ ದೂಡಲಿಲ್ಲ. "ಅವರಿಗೆ ಅಲ್ಲೇ ಆರಾಮ" ಎಂದು ಸಮಿತಿಯ ಹಿರಿಯರೊಬ್ಬರು ಬಹಳ ಅಕ್ಕರೆಯಿಂದಲೇ ಹೇಳಿದರು. ಅವರ ಅಕ್ಕಿ ನಮ್ಮ ಹಂಡೆಯಲ್ಲಿ ಬೇಯಬಹುದು, ಅವರು ನಮ್ಮ ಪಂಕ್ತಿಯಲ್ಲಿ ಕೂರಬಾರದು. ಅಂದು ಬೆಳಿಗ್ಗೆ ಪಾದ್ರಿಗಳು ಮಾಡಿದ ಪ್ರಸಂಗದ ವಿಷಯ ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯವಾಗಿತ್ತು, ಅಂದರೆ ತನ್ನವರೆಲ್ಲರೂ ಒಂದಾಗಿರಲೆಂದು ಯೇಸು ಮಾಡಿದ ಪ್ರಾರ್ಥನೆ. ಪ್ರಸಂಗ ಚೆನ್ನಾಗಿತ್ತು. ಮೂರು ಸಲ "ಆಮೆನ್" ಅಂದೆವು.

ಪಂಕ್ತಿಭೇದವೆಂಬ ಮಾತನ್ನು ನಾವು ಕ್ರೈಸ್ತರು ಬೇರೆಯವರನ್ನು ಬಯ್ಯುವುದಕ್ಕೆ ಮಾತ್ರ ಬಳಸುತ್ತೇವೆ, ನಮ್ಮ ವೇದಪುಸ್ತಕದಲ್ಲಿ ಆ ರೋಗವೇ ಇಲ್ಲವೆಂಬಂತೆ. ಅಪೊಸ್ತಲ ಪೌಲನು ಗಲಾತ್ಯದ ಸಭೆಗಳವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತೆಗೆದು ನೋಡಿ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ ಕುಳಿತು ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಅಲ್ಲಿಯ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದೊಡನೆ ಅಂಜಿ ಮೆಲ್ಲಗೆ ಹಿಂದೆ ಸರಿದು ಬೇರೆಯಾದನು. ಉಳಿದ ಯೆಹೂದ್ಯರೂ ಅವನ ಹಿಂದೆ ಹೋದರು, ಪೌಲನ ಜೊತೆಗಾರನಾಗಿದ್ದ ಬಾರ್ನಬನಂಥ ಬಾರ್ನಬನೂ ಹೋದನು. ಗಮನಿಸಿ, ಪೇತ್ರನು ಅಲ್ಲಿ ಯಾವ ತಪ್ಪು ಬೋಧನೆಯನ್ನೂ ಮಾಡಲಿಲ್ಲ. ಅವನು ಮಾಡಿದ್ದು ಊಟದ ಜಾಗ ಬದಲಿಸಿದ್ದು, ಅಷ್ಟೇ. ಅಷ್ಟಕ್ಕೇ ಪೌಲನು ಎಲ್ಲರ ಮುಂದೆ, ಮುಖಾಮುಖಿಯಾಗಿ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡತೆಯಲ್ಲವೆಂದು ಅವನನ್ನು ಎದುರಿಸಿದನು. ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಇಲ್ಲವೆಂಬ ಮಾತು, ನಾವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವ ಮಾತು, ಅದೇ ಪತ್ರಿಕೆಯ ಮುಂದಿನ ಅಧ್ಯಾಯದಲ್ಲಿ ಬರುತ್ತದೆ. ಅದರ ಹಿಂದೆ ಒಂದು ಊಟದ ಜಗಳವಿದೆ.

ಅವರಿಗೆ ಭಾಷೆ ಬಾರದು, ತಮ್ಮವರೊಂದಿಗೆ ಇರುವುದೇ ಅವರಿಗೆ ಇಷ್ಟ, ನೀವು ಸುಮ್ಮನೆ ದೊಡ್ಡದು ಮಾಡುತ್ತಿದ್ದೀರಿ ಎಂದು ಸಂಜೆ ಒಬ್ಬ ಗೆಳೆಯರು ಫೋನಿನಲ್ಲಿ ಬುದ್ಧಿ ಹೇಳಿದರು. ಇರಬಹುದು, ಪರ ಊರಿನಲ್ಲಿ ತಮ್ಮ ಮಾತಿನವರ ಪಕ್ಕ ಕೂರಲು ಯಾರಿಗೆ ಇಷ್ಟವಿಲ್ಲ? ಆದರೆ ಜಗುಲಿಯ ಮೇಜನ್ನು ಆರಿಸಿಕೊಂಡವರು ಆ ಹುಡುಗಿಯರಲ್ಲ, ಅದನ್ನು ಹಾಕಿಸಿದವರು ನಾವು. ಭಾಷೆಯ ಮಾತಿಗೆ ಬಂದರೆ, ಜರ್ಮನಿಯಿಂದ ಬಂದ ಕಿಟ್ಟೆಲ್ ನಮ್ಮ ಭಾಷೆಯನ್ನು ಕಲಿತು ನಮಗೇ ನಿಘಂಟು ಕಟ್ಟಿಕೊಟ್ಟದ್ದನ್ನು ಪ್ರತಿ ಭಾಷಣದಲ್ಲೂ ಎದೆಯುಬ್ಬಿಸಿ ಹೇಳುತ್ತೇವೆ. ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದೇ 1894ರ ಜನವರಿಯಲ್ಲಿ ಇಬ್ಬರು ಮಿಷನರಿಗಳು ಐಜಾಲ್ ತಲುಪಿ ಮಿಜೋ ಭಾಷೆಗೆ ರೋಮನ್ ಅಕ್ಷರಗಳನ್ನು ಹೊಂದಿಸಿದರು. ಒಂದೇ ವರ್ಷದ ಇಬ್ಬರು ಮೊಮ್ಮಕ್ಕಳಂತೆ ಇರಬೇಕಾದ ನಮ್ಮ ನಡುವೆ "ಊಟ ಆಯಿತಾ" ಎಂಬ ಒಂದು ಮಾತಿಗೂ ಭಾಷೆ ಅಡ್ಡ ಬಂತೇ? 2011ರ ಜನಗಣತಿಯ ಪ್ರಕಾರ ಮಿಜೋರಾಂನಲ್ಲಿ ನೂರಕ್ಕೆ 87 ಮಂದಿ ಕ್ರೈಸ್ತರು. ಕರ್ನಾಟಕದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅಂಥ ನಾಡಿನಿಂದ ಬಂದವರನ್ನು ನಮ್ಮ ಹಿರಿಯರೊಬ್ಬರು "ನೀವು ಯಾವಾಗ ಕ್ರೈಸ್ತರಾದಿರಿ?" ಎಂದು ಕೇಳಿದರು. ಆ ಹುಡುಗಿ ನಕ್ಕು ಸುಮ್ಮನಾದಳು. ನನಗಾಗಿದ್ದರೆ ಆಗುತ್ತಿರಲಿಲ್ಲ.

ನನ್ನ ಅಜ್ಜಿ ಚಿತ್ರದುರ್ಗದ ಕಡೆಯ ವೆಸ್ಲಿಯನ್, ಅಂದರೆ ಮೆಥೊಡಿಸ್ಟ್, ಸಭೆಯವಳು. ದಕ್ಷಿಣ ಭಾರತದ ಸಭೆಗಳನ್ನು ಒಂದುಗೂಡಿಸುವ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾಗಿ, ಆಂಗ್ಲಿಕನ್, ಮೆಥೊಡಿಸ್ಟ್ ಮತ್ತಿತರರು ಮದರಾಸಿನಲ್ಲಿ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು. ಬಿಷಪ್ಪರ ಅಧಿಕಾರವೇನು, ಅಭಿಷೇಕ ಯಾರಿಂದ ಎಂದೆಲ್ಲ ಚರ್ಚಿಸಲು 28 ವರ್ಷ ಬೇಕಾದವು; ಆ ತಾಳ್ಮೆಗೆ ಕೈ ಮುಗಿಯುತ್ತೇನೆ. ಜಗುಲಿಯ ಮೇಜನ್ನು ಒಳಗೆ ತರಲು ಎರಡು ನಿಮಿಷ ಸಾಕು, ಇಬ್ಬರು ಆಳು ಸಾಕು.

ಈಗ ನನ್ನ ಲೆಕ್ಕ. ಮಗಳ ಮದುವೆಯ ಮಾತುಕತೆ ನಡೆದಾಗ ಹುಡುಗನ ಓದು, ನೌಕರಿ, ಸಭೆ ಎಲ್ಲ ವಿಚಾರಿಸಿಯಾದ ಮೇಲೆ ನಾನು ದನಿ ತಗ್ಗಿಸಿ ಮಧ್ಯವರ್ತಿಯನ್ನು ಕೇಳಿದ್ದೆ: "ಅವರು ಮೊದಲು ಯಾರಂತೆ?" ನಮ್ಮವರಿಗೆ ಆ "ಮೊದಲು" ಎಂಬ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಲೆಮಾರಿನ ದೀಕ್ಷಾಸ್ನಾನವನ್ನು ಒಂದೇ ಪದದಲ್ಲಿ ಒರೆಸಿಹಾಕಬಲ್ಲ ಪದ ಅದು. ಕಳೆದ ಭಾನುವಾರವೂ ನಾನು ಒಳಗಿನ ಮೇಜಿನಲ್ಲೇ ಕುಳಿತಿದ್ದೆ, ಎರಡನೆಯ ಸಲ ಅನ್ನ ಹಾಕಿಸಿಕೊಂಡೆ. ಎರಡನೆಯ ಹಂಡೆಯ ಅನ್ನ. ಪೌಲನ ಮಾತನ್ನು ಇಷ್ಟು ಉದ್ದ ಬರೆದ ನಾನು ಅಂದು ಮಾಡಿದ್ದು ಬಾರ್ನಬನ ಕೆಲಸ.

ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲೂ ಇಂಥದೇ ದೂರು ಬಂದಿತ್ತು. ದಿನದ ಊಟ ಹಂಚುವಾಗ ಗ್ರೀಕ್ ಭಾಷೆಯವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗೊಣಗಾಟ ಎದ್ದಾಗ ಅಪೊಸ್ತಲರು "ಅವರಿಗೆ ಅಲ್ಲೇ ಆರಾಮ" ಎನ್ನಲಿಲ್ಲ. ಏಳು ಮಂದಿಯನ್ನು ಆರಿಸಿ ಬಡಿಸುವ ಹೊಣೆಯನ್ನೇ ಒಪ್ಪಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಏಳೂ ಗ್ರೀಕ್ ಹೆಸರುಗಳು. ದೂರು ಯಾರದೋ ಸೌಟು ಅವರ ಕೈಗೆ.

ಕ್ರಿಸ್‌ಮಸ್ ಊಟದ ಉಸ್ತುವಾರಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ನಿನ್ನೆ ಸಂಜೆ ಆ ಹುಡುಗಿಯರ ಕೋಣೆಗೆ ಹೋಗಿ, ಅಡುಗೆಮನೆಯನ್ನು ನೀವು ನೋಡಿಕೊಳ್ಳಬೇಕೆಂದು ಕೇಳಿ ಬಂದಿದ್ದೇನೆ. ಜಾರ್ಖಂಡ್‌ನ ಸಂಸಾರಗಳವರು ಬಡಿಸಲು ಒಪ್ಪಿದ್ದಾರೆ. ಜಗುಲಿಯಲ್ಲಿ ಮೇಜು ಇರುವುದಿಲ್ಲ. ಸಮಿತಿಯ ಹಿರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಫೋನ್ ಮಾಡಬೇಡಿ, ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಕೇಳಿ.