ವಾರ್ಡಿನ ಲೆಕ್ಕ ಎಲ್ಲಿಂದ ಬಂತು?

ಸಾರ್, ನಿಮ್ಮ ನಕ್ಷೆಯಲ್ಲಿ ಮಂಗಳೂರಿನ ಒಂದೊಂದು ವಾರ್ಡಿಗೂ ಬಣ್ಣ ಹಚ್ಚಿ, ಅಲ್ಲಿ ಯಾವ ಧರ್ಮದವರು ಶೇಕಡಾ ಎಷ್ಟು ಎಂದು ಬರೆದಿದ್ದೀರಿ. 2011ರ ಜನಗಣತಿಯಲ್ಲಿ ಧರ್ಮದ ಲೆಕ್ಕ ಪ್ರಕಟವಾಗಿರುವುದು ಪಟ್ಟಣ, ತಾಲ್ಲೂಕಿನ ಮಟ್ಟದವರೆಗೆ ಮಾತ್ರ. ಇಡೀ ನಗರಕ್ಕೆ ಹಿಂದೂಗಳು ಶೇಕಡಾ ಸುಮಾರು 69, ಮುಸ್ಲಿಮರು 17, ಕ್ರೈಸ್ತರು 13. ವಾರ್ಡಿನದ್ದು ಅಂದಾಜು ಅಂತ ಬರೆಯಬೇಕಿತ್ತು, ಅಲ್ವಾ?

ಬಂದರಿನಲ್ಲಿ ಬ್ಯಾರಿ ಮುಸ್ಲಿಮರು, ರಥಬೀದಿಯಲ್ಲಿ ಕೊಂಕಣಿ ಮಾತಾಡುವ ಹಿಂದೂಗಳು, ವೆಲೆನ್ಸಿಯಾ ಕಡೆ ಕಥೊಲಿಕರು ಜಾಸ್ತಿ, ನಿಜ. ಆದರೆ ಅದು ಸುಮ್ನೆ ಆದದ್ದಲ್ಲ. ಬಂದರಿಗೆ ಜನರನ್ನು ತಂದದ್ದು ವ್ಯಾಪಾರ. ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಮತಾಂತರವಾಗಿ ಮನೆ-ಕೆಲಸ ಕಳೆದುಕೊಂಡವರಿಗೆ ಅಲ್ಲಿ ದುಡಿಮೆ ಸಿಕ್ಕಿತು. ಕೆಲಸ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಕೇರಿ.

ಇನ್ನೊಂದು ಮಾತು. ನಿಮ್ಮ ನಕ್ಷೆಯ ಬಣ್ಣಗಳಲ್ಲಿ ಭಾಷೆ ಕಾಣುವುದಿಲ್ಲ. ರಥಬೀದಿಯ ಅಂಗಡಿಯವರದ್ದೂ ಕೊಂಕಣಿ, ಬಿಜೈಯ ಕಥೊಲಿಕ್ ಹೆಂಗಸಿನದ್ದೂ ಕೊಂಕಣಿ. ಧಾಟಿ ಬೇರೆ, ಅಷ್ಟೆ. ಮೀನು ಮಾರ್ಕೆಟಿನಲ್ಲಿ ಬಂಗುಡೆಗೆ ಚೌಕಾಸಿ ನಡೆಯುವುದು ಮಾತ್ರ ತುಳುವಿನಲ್ಲಿ, ಕೊಳ್ಳುವವರು ಯಾರೇ ಇರಲಿ.

ಹೊಸ ಫ್ಲ್ಯಾಟುಗಳ ಕಥೆ ಬೇರೆ. ಹೋದ ವರ್ಷ ಬಾಡಿಗೆ ಮನೆ ಹುಡುಕುವಾಗ ಒಬ್ಬ ಬ್ರೋಕರ್ ಫೋನಿನಲ್ಲಿ ನನ್ನ ಹೆಸರು ಕೇಳಿದರು. ಆಮೇಲೆ ತಂದೆಯ ಹೆಸರು. ಆಮೇಲೆ "ನೀವು ನಾನ್‌ವೆಜ್ಜಾ?" ಬಾಡಿಗೆ ಎಷ್ಟು ಅನ್ನುವುದು ಕೊನೆಗೆ ಬಂತು. ಮುಂದಿನ ನಕ್ಷೆಯಲ್ಲಿ ಇದಕ್ಕೂ ಒಂದು ಬಣ್ಣ ಹುಡುಕಿ ಸಾರ್.