ಮೆಟ್ಟಿಲು ಗದ್ದೆಯ ಚೆಲುವು ತಾನಾಗಿ ಬಂದದ್ದಲ್ಲ

ಬೆಟ್ಟದ ಮೆಟ್ಟಿಲು ಗದ್ದೆಗಳ ಫೋಟೋ ಜೊತೆ ‘ಮನುಷ್ಯ ಕೈ ಹಾಕದಿದ್ದರೆ ಭೂಮಿ ಹೀಗಿರುತ್ತದೆ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಫೋಟೋ ಚೆಂದ, ಮಾತು ಮಾತ್ರ ತಪ್ಪು.

ಆ ಒಂದೊಂದು ಮೆಟ್ಟಿಲೂ ಕೈಯಿಂದ ಕಟ್ಟಿದ್ದು. ಬದುವಿನಲ್ಲಿ ಏಡಿ ಒಂದು ತೂತು ಕೊರೆದರೆ ಸಾಕು, ನೀರು ಜಿನುಗಿ ಮಣ್ಣು ಸಡಿಲವಾಗುತ್ತದೆ. ಬೇಗ ಕೆಸರು ಮೆತ್ತದಿದ್ದರೆ ಬದು ಕುಸಿದು ಕೆಳಗಿನ ಗದ್ದೆಗೇ ಬೀಳುತ್ತದೆ. ಸುಮ್ನೆ ಬಿಟ್ಟ ಗದ್ದೆಯಲ್ಲಿ ಪೊದೆ ಬೆಳೆಯುತ್ತದೆ. ಅದರ ಫೋಟೋ ಯಾರೂ ಕಳಿಸುವುದಿಲ್ಲ, ಅಲ್ವಾ?

ಫಿಲಿಪ್ಪೀನ್ಸ್‌ನ ಕಾರ್ಡಿಲ್ಲೆರಾ ಗದ್ದೆಗಳನ್ನೇ ನೋಡಿ. 1995ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದೂ ‘ಸಾಂಸ್ಕೃತಿಕ’ ತಾಣವೆಂದು. ಕೆಲವರು ಬೇಸಾಯ ಬಿಟ್ಟರು, ಗೋಡೆಗಳು ಹಾಳಾದವು. 2001ರಲ್ಲಿ ಈ ಗದ್ದೆಗಳು ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹೋದವು. ಅಲ್ಲಿಂದ ಹೊರಬಂದದ್ದು 2012ರಲ್ಲಿ.