ಮಗುವಿಗೆ ಮೊದಲ ಹೊಲಿಗೆ ಮಷಿನ್ ಕೊಡಿಸುವ ಮುಂಚೆ

ನಮ್ಮಕ್ಕನ ಮಗಳಿಗೆ ಈಗ 13 ವರ್ಷ. ರಜೆಯಲ್ಲಿ ಹೊಲಿಗೆ ಕಲಿಯುತ್ತೇನೆ ಅಂದಿದ್ದಕ್ಕೆ ಭಾವ ಆನ್‌ಲೈನಿನಲ್ಲಿ 1,500 ರೂಪಾಯಿಯ ಪುಟಾಣಿ ಮಷಿನ್ ತರಿಸಿಕೊಟ್ಟರು. ಮೂರನೇ ದಿನ ಹುಡುಗಿ ಅದನ್ನು ಹಿಡ್ಕೊಂಡು ನಮ್ಮನೆಗೆ ಬಂದಳು. "ಚಿಕ್ಕಮ್ಮಾ, ನನ್ ಕೈಗೆ ಹೊಲಿಗೆ ಹತ್ತಲ್ಲ ಅನ್ಸುತ್ತೆ" ಅಂದಳು. ಕೇಳಿ ಸಂಕಟವಾಯಿತು.

ಹಳೇ ದಿಂಬಿನ ಕವರ್ ಹಾಕಿ ನಾನೇ ಓಡಿಸಿದೆ. ಒಂದು ಪದರ ಹೇಗೋ ಹೋಯಿತು. ಅಂಚು ಮಡಚಿದ ಜಾಗ ಬಂದಿದ್ದೇ ಮೋಟರ್ ಗುರ್ ಅಂದು ಸೂಜಿ ನಿಂತೇಬಿಟ್ಟಿತು, ಕೆಳಗೆ ದಾರ ಗುಬ್ಬಚ್ಚಿ ಗೂಡಿನ ಹಾಗೆ ಸುತ್ತಿಕೊಂಡಿತ್ತು. ಬಟ್ಟೆ ಎಳೆದರೆ ಮಷಿನ್ನೇ ಜೊತೆಗೆ ಜಾರಿ ಬರುತ್ತೆ. 20 ವರ್ಷದಿಂದ ಬ್ಲೌಸ್ ಹೊಲಿಯುತ್ತಿರುವ ನನಗೇ ಅದರಲ್ಲಿ ನೆಟ್ಟಗೆ ಒಂದು ಗೆರೆ ಬರಲಿಲ್ಲ. ಆ ಮಗು ಮಾತ್ರ ತಪ್ಪು ತನ್ನದೇ ಅಂದುಕೊಂಡಿದೆ.

ಕಲಿಯುವವರಿಗೆ ನಮ್ಮ ಹಳೇ ಕಪ್ಪು ಕಬ್ಬಿಣದ ಮಷಿನ್ನೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಉಷಾ ಆಗಲಿ, ಸಿಂಗರ್ ಆಗಲಿ, ನೇರ ಹೊಲಿಗೆ ಒಂದೇ ಸಾಕು. ಭಾರ ಇರೋದರಿಂದ ಅಲ್ಲಾಡಲ್ಲ. ಕಾಲು ಎಷ್ಟು ತುಳಿದರೆ ಅಷ್ಟೇ ಓಟ. ಹೊಲಿಗೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಮೇಲಿನ ದಾರದ ಬಿಗಿ ಕಡಿಮೆ, ಇಲ್ಲವೇ ದಾರ ಪೋಣಿಸಿದ್ದು ತಪ್ಪು. ಅದನ್ನು ಹುಡುಗಿ ತಾನೇ ಕಂಡುಕೊಳ್ಳುತ್ತಾಳೆ. ಕೆಳಗಿನ ದಾರದ ಉರುಳೆ ಕೂರುವ ಪುಟ್ಟ ಡಬ್ಬಿ, ಅಂದರೆ ಬಾಬಿನ್ ಕೇಸ್ ಕೈಗೆ ತೆಗೆದುಕೊಂಡು, ಅದರ ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಏನಾಯಿತು ಅಂತ ನೋಡಬಹುದು. ಸೂಜಿ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೆಲ್ಲ ಸಿಗುತ್ತೆ: ತೆಳು ಬಟ್ಟೆಗೆ 11ನೇ ನಂಬರ್, ಕಾಟನ್ನಿಗೆ 14, ದಪ್ಪದ್ದಕ್ಕೆ 16.

ಜಿಗ್‌ಜಾಗ್, ಕಾಜಾ ಎಲ್ಲ ಇರುವ ಕರೆಂಟ್ ಮಷಿನ್ ಕೆಟ್ಟದ್ದಲ್ಲ, ಕೈ ಕುದುರಿದ ಮೇಲೆ ತಗೊಳ್ಳಲಿ. ಮೊದಲೇ ಕೊಟ್ಟರೆ ಪೆಡಲ್ ಸ್ವಲ್ಪ ಜಾಸ್ತಿ ಒತ್ತಿದರೂ ಓಡಿಬಿಡುತ್ತೆ, ಮಕ್ಕಳು ಬೆದರುತ್ತಾರೆ. ಕಾಲಲ್ಲಿ ತುಳಿಯಲು ಆಗದ ಮಗುವಾದರೆ ಮಾತ್ರ ಯೋಚನೆ ಮಾಡದೆ ಮೋಟರ್ ಇರೋದನ್ನೇ ಕೊಡಿಸಿ. ಕಾಲು ಇನ್ನೂ ಎಟುಕದ ಎಂಟೊಂಬತ್ತು ವರ್ಷದವರಿಗೆ ಕೈಯಲ್ಲಿ ಚಕ್ರ ತಿರುಗಿಸುವ ಕೈಮಷಿನ್ ಇದೆ, ದೊಡ್ಡವರು ಪಕ್ಕದಲ್ಲಿ ಕೂತಿರಬೇಕು.

ಹೊಸದೇ ಬೇಕು ಅಂತಿಲ್ಲ. ಸೆಕೆಂಡ್ ಹ್ಯಾಂಡ್ ನೋಡುವಾಗ ಬೆಲ್ಟ್ ಬಿಚ್ಚಿ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಎಲ್ಲೂ ಹಿಡಿಯಬಾರದು. ಸೂಜಿ ಕೂರುವ ಕಂಬಿಯನ್ನು ಅಲ್ಲಾಡಿಸಿ, ಲೊಡಲೊಡ ಅಂದರೆ ಬಿಟ್ಟುಬಿಡಿ. ಎರಡು ಪದರ ಬಟ್ಟೆ ಹೊಲಿಸಿ ಎರಡೂ ಮಗ್ಗುಲು ನೋಡಿ. ಹಲಗೆ ಹಳೆಯದಾಗಿದ್ದರೆ, ಬಣ್ಣ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಹುಡುಗಿಗೆ ನನ್ನ ಹಳೇ ಮಷಿನ್ನಿಗೆ ಎಣ್ಣೆ ಬಿಟ್ಟು ಕೊಟ್ಟೆ. ಮೊದಲ ನಾಲ್ಕು ದಿನ ದಾರವೇ ಹಾಕಿಸಲಿಲ್ಲ. ಗೆರೆ ಹಾಳೆಯ ನೋಟ್‌ಬುಕ್ಕಿನ ಹಾಳೆ ಹರಿದು, ಆ ನೀಲಿ ಗೆರೆ ಮೇಲೇ ಓಡಿಸು ಅಂದೆ. ಮೊದಲ ದಿನ ಚಕ್ರ ಹಿಂದಕ್ಕೇ ತಿರುಗುತ್ತಿತ್ತು. ನಾಲ್ಕನೇ ದಿನ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದಳು. ತೂತುಗಳು ಇರುವೆ ಸಾಲಿನ ಹಾಗೆ ಗೆರೆಯ ಮೇಲೇ ಕೂತಿದ್ದವು, ಕೊನೆಯಲ್ಲಿ ಮಾತ್ರ ಒಂದಿಷ್ಟು ಹೊರಗೆ ಹೋಗಿದ್ದವು.

ದಾವಣಗೆರೆ ಕಡೆ ಯಾರಾದರೂ ಮಕ್ಕಳಿಗೆ ಹಳೇ ಮಷಿನ್ ನೋಡಲು ಹೋಗುವವರಿದ್ದರೆ ಹೇಳಿ. ಭಾನುವಾರ ನನಗೆ ಬಿಡುವು, ಜೊತೆಗೆ ಬಂದು ಚಕ್ರ ತಿರುಗಿಸಿ ನೋಡಿಕೊಡುತ್ತೇನೆ.